ಡುಲೂತ್‌ನಲ್ಲಿ ಏಪ್ರಿಲ್ ತಿಂಗಳ ಹಿಮಬಿರುಗಾಳಿ: ಮನೆಯಲ್ಲಿ ಏನೇನು ಸಿದ್ಧತೆ ಬೇಕು?

ಪ್ರಶ್ನೆ: ಗುಡ್ಡದ ಮೇಲಿನ ಬಾಡಿಗೆದಾರ

ಎಲ್ಲರಿಗೂ ನಮಸ್ಕಾರ. ಕಳೆದ ಆಗಸ್ಟ್‌ನಲ್ಲಿ ಮಿನೆಸೋಟದ ಡುಲೂತ್‌ಗೆ ಬಂದು, ಸುಪೀರಿಯರ್ ಸರೋವರಕ್ಕೆ ಎದುರಾಗಿರುವ ಗುಡ್ಡದ ನೆತ್ತಿಯಲ್ಲಿ ಬಾಡಿಗೆ ಮನೆ ಹಿಡಿದಿದ್ದೇನೆ. ಚಳಿಗಾಲ ಮುಗಿಯಿತೆಂದು ಹಿಮದ ಸಲಿಕೆಯನ್ನು ಗ್ಯಾರೇಜಿನ ಮೂಲೆಗೆ ಸೇರಿಸಿ, ಕಾರಿನ ಚಳಿಗಾಲದ ಟೈರು ಬದಲಿಸಲು ದಿನ ಗೊತ್ತುಮಾಡಿಕೊಂಡೆ. ಈಗ ನೋಡಿದರೆ ನಾಡಿದ್ದು ರಾತ್ರಿಯಿಂದ ಒಂದು ಅಡಿಗೂ ಮೀರಿ ಹಿಮ ಬೀಳಬಹುದೆಂಬ ಮುನ್ಸೂಚನೆ ಬಂದಿದೆ. ತೀರ್ಥಹಳ್ಳಿಯಿಂದ ಅಮ್ಮ ಬಂದಿದ್ದಾರೆ, ಅವರು ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಜನವರಿಯಲ್ಲಿ ಮೈನಸ್ 25 ಡಿಗ್ರಿಯನ್ನೇ ಕಂಡ ನಾವು, ಉಷ್ಣಾಂಶ ಶೂನ್ಯದ ಆಸುಪಾಸಿನಲ್ಲಿರುವಾಗ ಬರುವ ಈ ಹಿಮಕ್ಕೆ ವಿಶೇಷವಾಗಿ ಸಿದ್ಧರಾಗಬೇಕೇ?

ಉತ್ತರ 1: ಹಳೆಯ ನಿವಾಸಿ

ಖಂಡಿತ ಸಿದ್ಧರಾಗಬೇಕು. ಈ ಊರಿನ ದಾಖಲೆಯಲ್ಲಿ ಅತಿ ಹೆಚ್ಚು ಹಿಮ ಬಿದ್ದ ತಿಂಗಳು ಜನವರಿಯಲ್ಲ, 2013ರ ಏಪ್ರಿಲ್. ಆ ಒಂದೇ ತಿಂಗಳಲ್ಲಿ ಸುಮಾರು 51 ಅಂಗುಲ ಬಿತ್ತು. ಜನವರಿಯ ಹಿಮ ಅಕ್ಕಿ ಹಿಟ್ಟಿನಂತೆ ಹಗುರವಾಗಿ ಹಾರಿಹೋಗುತ್ತದೆ, ಏಪ್ರಿಲ್‌ನದು ನೆನೆದ ಹತ್ತಿಯಂತೆ ಬಿದ್ದಲ್ಲೇ ಅಂಟಿ ಕೂರುತ್ತದೆ. ಐದು ಅಂಗುಲ ಒದ್ದೆ ಹಿಮ ಕರಗಿದರೆ ಒಂದು ಅಂಗುಲ ನೀರಾಗುತ್ತದೆಂದು ಹಿಡಿದರೂ, ಒಂದು ಅಡಿ ಹಿಮವು ಪ್ರತಿ ಚದರ ಮೀಟರಿಗೆ ಸುಮಾರು 60 ಕಿಲೋ ತೂಗುತ್ತದೆ. ಆ ಭಾರಕ್ಕೆ ಮರದ ಕೊಂಬೆ ಮುರಿದು ತಂತಿಯ ಮೇಲೆ ಬಿದ್ದರೆ ಕರೆಂಟು ಹೋಗುತ್ತದೆ. ನಿಮ್ಮ ಮನೆಯನ್ನು ಬೆಚ್ಚಗಿಡುವ ಯಂತ್ರ, ಅಂದರೆ ಫರ್ನೇಸ್, ಗ್ಯಾಸಿನಲ್ಲಿ ಉರಿಯುವುದಾದರೂ ಅದರ ಬೀಸಣಿಗೆಗೆ ಕರೆಂಟೇ ಬೇಕಾದ್ದರಿಂದ ಮನೆಯೂ ತಣ್ಣಗಾಗುತ್ತದೆ.

ಆದ್ದರಿಂದ ಇಂದೇ ಮನೆಯನ್ನು ಹೊರಗಿನಿಂದ ಒಂದು ಸುತ್ತು ಹಾಕಿ, ಫರ್ನೇಸಿನ ಹೊಗೆ ಹೊರಹೋಗುವ ಕೊಳವೆ ಎಲ್ಲಿದೆಯೆಂದು ನೋಡಿಕೊಳ್ಳಿ. ಹೊಸ ಮಾದರಿಯವುಗಳಲ್ಲಿ ಅದು ಚಾವಣಿಯಲ್ಲಿರದೆ, ಬಿಳಿ ಪ್ಲಾಸ್ಟಿಕ್ ಕೊಳವೆಯಾಗಿ ಪಕ್ಕದ ಗೋಡೆಯಲ್ಲೇ ಇರುತ್ತದೆ. ಹಿಮ ಅದರ ಬಾಯಿ ಮುಚ್ಚಿದರೆ ಫರ್ನೇಸ್ ನಿಂತುಹೋಗಬಹುದು, ಇಲ್ಲವೇ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಮನೆಯೊಳಗೇ ತುಂಬಬಹುದು. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಹಾಗಾಗಿ ಅದನ್ನು ಪತ್ತೆಹಚ್ಚುವ ಅಲಾರಂನ ಬ್ಯಾಟರಿಯನ್ನು ಈಗಲೇ ಪರೀಕ್ಷಿಸಿ. ಜನರೇಟರ್ ತಂದರೆ ಗ್ಯಾರೇಜಿನ ಬಾಗಿಲು ತೆರೆದಿದ್ದರೂ ಅದನ್ನು ಒಳಗೆ ಓಡಿಸಬೇಡಿ, ಮನೆಯಿಂದ 20 ಅಡಿ ದೂರದಲ್ಲಿಡಿ. ಟೈರು ಬದಲಿಸುವುದನ್ನು ಮುಂದೂಡಿ.

ಸರೋವರದಿಂದಲೇ ಹುಟ್ಟುವ ಹಿಮವಾದ್ದರಿಂದ ಇದು ಗುಡ್ಡದವರಿಗೂ ದಡದವರಿಗೂ ಒಂದೇ.

ಉತ್ತರ 2: ಕೆನಾಲ್ ಪಾರ್ಕ್ ಕಡೆಯವರು

ಮೇಲಿನವರ ಕೊನೆಯ ಮಾತಿಗೆ ಒಂದು ತಿದ್ದುಪಡಿ. ಬೆಚ್ಚಗಿನ ನೀರಿನ ಮೇಲೆ ಅತಿಶೀತ ಗಾಳಿ ಹಾದು ಹಿಮ ಹುಟ್ಟುವುದು ಹೆಚ್ಚಾಗಿ ಶರತ್ಕಾಲದ ಕೊನೆಯಿಂದ ಚಳಿಗಾಲದ ನಡುವಿನವರೆಗೆ. ಏಪ್ರಿಲ್‌ನಲ್ಲಿ ಸರೋವರವೇ ಹೆಪ್ಪುಗಟ್ಟುವ ಮಟ್ಟಕ್ಕಿಂತ ಸ್ವಲ್ಪ ಮೇಲಿರುತ್ತದೆ. ಆಗ ದಕ್ಷಿಣಕ್ಕೆ ವಾಯುಭಾರ ಕುಸಿತ ಹಾದುಹೋದರೆ, ಈಶಾನ್ಯದ ಗಾಳಿ ಆ ತಣ್ಣೀರಿನ ಮೇಲೆ ನೂರಾರು ಕಿಲೋಮೀಟರ್ ಬೀಸಿ ಬಂದು ನಮ್ಮ ಗುಡ್ಡವನ್ನು ಹತ್ತುತ್ತದೆ, ಹತ್ತುತ್ತ ಇನ್ನೂ ತಣ್ಣಗಾಗಿ ಹಿಮ ಸುರಿಸುತ್ತದೆ. ಪಶ್ಚಿಮ ಘಟ್ಟಕ್ಕೆ ಮುಂಗಾರು ಬಡಿಯುವುದನ್ನು ಬಲ್ಲ ಮಲೆನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನೆತ್ತಿ ದಡಕ್ಕಿಂತ ಇನ್ನೂರು ಮೀಟರಿಗೂ ಎತ್ತರದಲ್ಲಿರುವುದರಿಂದ, ಇಲ್ಲಿ ದಡದಲ್ಲಿ ನಮಗೆ ಬರೀ ಮಳೆಯಾಗುವಾಗ ನಿಮಗೆ ಮೊಣಕಾಲುದ್ದ ಹಿಮ ಬೀಳಬಹುದು. ನಮ್ಮ ಕಿಟಕಿಯ ಹೊರಗೆ ಕಂಡದ್ದನ್ನು ನಂಬಿ ನೀವು ಕಾರು ಹೊರಡಿಸಬೇಡಿ.

ಉತ್ತರ 3: ನರ್ಸ್ ಕೆಲಸದಲ್ಲಿರುವವರು

ಅಮ್ಮನವರ ಇನ್ಸುಲಿನ್ ಬಗ್ಗೆ ಮಾತ್ರ ಹೇಳುತ್ತೇನೆ. ಕರೆಂಟು ಹೋದಾಗ ಫ್ರಿಜ್ಜಿನ ಸಾಮಾನನ್ನು ಹೊರಗಿನ ಹಿಮದಲ್ಲಿಡುವುದು ಇಲ್ಲಿನ ವಾಡಿಕೆ. ಹಾಲಿಗೆ ಅದು ನಡೆದೀತು, ಇನ್ಸುಲಿನ್‌ಗೆ ನಡೆಯದು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಕೆಲಸಕ್ಕೆ ಬಾರದು. ಬಳಕೆಯಲ್ಲಿರುವ ಬಾಟಲಿ ಸಾಮಾನ್ಯವಾಗಿ ನಾಲ್ಕು ವಾರ ಕೋಣೆಯ ಉಷ್ಣಾಂಶದಲ್ಲೇ ಕೆಡದೆ ಇರುತ್ತದೆ, ಆದರೂ ನಿಮ್ಮದರ ಚೀಟಿ ಓದಿಕೊಳ್ಳಿ. ಬಾಗಿಲು ತೆರೆಯದಿದ್ದರೆ ಫ್ರಿಜ್ಜು ಸುಮಾರು ನಾಲ್ಕು ಗಂಟೆ ತಂಪು ಹಿಡಿದಿಡುತ್ತದೆ. ಒಲೆ ಹಚ್ಚದೆ ತಿನ್ನಬಹುದಾದ ಮೊಸರವಲಕ್ಕಿಯಂಥದ್ದಕ್ಕೆ ಸಾಮಾನು ಇಟ್ಟುಕೊಳ್ಳಿ. ಹಿಮ ಎತ್ತುವಾಗ ಸಲಿಕೆಯನ್ನು ಅರ್ಧ ಮಾತ್ರ ತುಂಬಿ, ನಿಂತು ನಿಂತು ಎತ್ತಿ; ಒದ್ದೆ ಹಿಮ ಎತ್ತುವಾಗ ಎದೆನೋವು ಬಂದು ಆಸ್ಪತ್ರೆ ಸೇರುವವರು ಬರೀ ಮುದುಕರಲ್ಲ.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ

ಎಲ್ಲರಿಗೂ ಧನ್ಯವಾದಗಳು. ಟಾರ್ಚ್ ಹಿಡಿದು ಮನೆಯನ್ನು ಸುತ್ತು ಹಾಕಿ ಬಂದೆ. ಕೊಳವೆ ನನ್ನ ಮೊಣಕಾಲಿನ ಎತ್ತರದಲ್ಲಿ, ಚಳಿಗಾಲವಿಡೀ ನಾನು ಸಲಿಕೆಯಿಂದ ಹಿಮ ಎತ್ತಿ ಸುರಿಯುತ್ತಿದ್ದ ಜಾಗಕ್ಕೆ ಎರಡೇ ಅಡಿ ಪಕ್ಕದಲ್ಲಿದೆ. ಕತ್ತಲಲ್ಲೂ ಗುರುತು ಸಿಗಲೆಂದು ಅದರ ಪಕ್ಕದಲ್ಲಿ ಒಂದು ಕೋಲು ನೆಟ್ಟು, ಅಮ್ಮನ ಹಳೆಯ ಕೆಂಪು ಶಾಲಿನ ಚೂರನ್ನು ಕಟ್ಟಿದ್ದೇನೆ.