ಶಾಲಾ ಬ್ಯಾಂಡಿಗೆ ಆಪೆರಾದ ಹಾಡು ಮತ್ತು ಐರಿಷ್ ಜಾನಪದ ಧಾಟಿ: ಯಾವ ವಾದ್ಯಕ್ಕೆ ಏನು ಬರೆಯಬೇಕು?

ಪ್ರಶ್ನೆ: ಸಂಗೀತ ಶಿಕ್ಷಕ, ಕಲಬುರಗಿ

ಎಲ್ಲರಿಗೂ ಶರಣು. ಕಲಬುರಗಿಯ ಒಂದು ಪ್ರೌಢಶಾಲೆಯಲ್ಲಿ ನಾನು ಬ್ಯಾಂಡ್ ಕಲಿಸುತ್ತೇನೆ. ನಮ್ಮ ಬ್ಯಾಂಡಿನಲ್ಲಿ 21 ಮಕ್ಕಳಿದ್ದಾರೆ. ಕೊಳಲು ಇಬ್ಬರು, ಕ್ಲಾರಿನೆಟ್ ಆರು ಮಂದಿ, ಆಲ್ಟೊ ಸ್ಯಾಕ್ಸೊಫೋನ್ ಇಬ್ಬರು, ಟೆನರ್ ಸ್ಯಾಕ್ಸೊಫೋನ್ ಒಬ್ಬ, ಟ್ರಂಪೆಟ್ ನಾಲ್ವರು, ಟ್ರೊಂಬೋನ್ ಇಬ್ಬರು, ಯುಫೋನಿಯಂ (ತಗ್ಗು ದನಿಯ ಹಿತ್ತಾಳೆ ವಾದ್ಯ) ಒಬ್ಬ, ತಾಳವಾದ್ಯಕ್ಕೆ ಮೂವರು. ಸ್ವಾತಂತ್ರ್ಯ ದಿನಾಚರಣೆಗೂ ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವಕ್ಕೂ ನಡೆಯುತ್ತಾ ನುಡಿಸುವ ಧಾಟಿಗಳು ಇವರಿಗೆ ಚೆನ್ನಾಗಿ ಬರುತ್ತವೆ. ಈ ಸಲದ ಸ್ನೇಹ ಸಮ್ಮೇಳನದಲ್ಲಿ ಮಕ್ಕಳು ಕುರ್ಚಿಯ ಮೇಲೆ ಕುಳಿತು, ಒಬ್ಬರನ್ನೊಬ್ಬರು ಕೇಳಿಸಿಕೊಂಡು ನುಡಿಸಬೇಕು ಎಂಬ ಆಸೆಯಿಂದ ಇಟಲಿಯ ರಚನಕಾರ ಪುಚ್ಚೀನಿಯ ಆಪೆರಾದ (ಹಾಡುಗಳಲ್ಲೇ ಸಾಗುವ ಪಾಶ್ಚಾತ್ಯ ಸಂಗೀತ ನಾಟಕದ) ‘ಓ ಮಿಯೊ ಬಬ್ಬೀನೊ ಕಾರೊ’ ಎಂಬ ಹಾಡನ್ನೂ ‘ಲಂಡನ್‌ಡೆರಿ ಏರ್’ ಎಂಬ ಐರಿಷ್ ಧಾಟಿಯನ್ನೂ ಆರಿಸಿಕೊಂಡೆ. ಇವುಗಳ ಜೊತೆಗೆ ವೇಗದ ಐರಿಷ್ ಕುಣಿತದ ಧಾಟಿಯೊಂದು, ‘ಮಾರಿಸನ್ಸ್ ಜಿಗ್’, ಇರಲಿ ಎಂದುಕೊಂಡಿದ್ದೇನೆ.

ನಾನು ಮಾಡಿದ ತಪ್ಪನ್ನು ಹೇಳಿಬಿಡುತ್ತೇನೆ. ಆಪೆರಾದ ಹಾಡನ್ನು ಗಾಯಕಿ ಮತ್ತು ಪಿಯಾನೊಗಾಗಿ ಬರೆದ ಪ್ರತಿಯಿಂದ, ಮೂಲದ ಎ-ಫ್ಲ್ಯಾಟ್ ಮೇಜರ್ ಶ್ರುತಿಯಲ್ಲಿಯೇ ಎಲ್ಲ ವಾದ್ಯಗಳಿಗೂ ಇಳಿಸಿಕೊಟ್ಟೆ. ಟ್ರಂಪೆಟ್, ಕ್ಲಾರಿನೆಟ್, ಸ್ಯಾಕ್ಸೊಫೋನ್‌ಗಳಿಗೆ ಹಾಳೆಯಲ್ಲಿ ಬರೆಯುವ ಸ್ವರವೇ ಬೇರೆ, ಕೇಳಿಸುವ ಸ್ವರವೇ ಬೇರೆ; ಹಾಗಾಗಿ ತುತ್ತತುದಿಯ ಸ್ವರವು ಟ್ರಂಪೆಟ್ಟಿನ ಬರಹದಲ್ಲಿ ಐದು ಗೆರೆಗಳನ್ನೂ ದಾಟಿದ ಬಿ-ಫ್ಲ್ಯಾಟ್ ಆಗುತ್ತದೆ. ಮೂರನೆಯ ತಾಲೀಮಿನ ಹೊತ್ತಿಗೆ ಹುಡುಗರ ತುಟಿ ಬಾತುಕೊಂಡಿತ್ತು, ಆ ಸ್ವರ ಒಮ್ಮೆಯೂ ಒಡೆಯದೆ ಬರಲಿಲ್ಲ. ಐರಿಷ್ ಧಾಟಿಯಲ್ಲಿ ಎಲ್ಲರೂ ಮೊದಲಿನಿಂದ ಕೊನೆಯವರೆಗೆ ಒಟ್ಟಿಗೆ ನುಡಿಸಿದ್ದರಿಂದ ಅದು ಕವಾಯತಿನ ಸಂಗೀತದಂತೆ ಕೇಳಿಸಿತು. ಶ್ರುತಿ ಬದಲಿಸಬಹುದೇ, ಹಾಡಿನ ಮುಖ್ಯ ಎಳೆಯನ್ನು ಯಾರಿಗೆ ಕೊಡಬೇಕು, ಹಾರ್ನ್ ಮತ್ತು ಟ್ಯೂಬಾ ಇಲ್ಲದ ಬ್ಯಾಂಡಿನಲ್ಲಿ ನಡುವಿನ ಮತ್ತು ತಳದ ಸ್ವರಗಳನ್ನು ಹೇಗೆ ತುಂಬಬೇಕು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿಕೊಡಬೇಕು.

ಉತ್ತರ: ನಿವೃತ್ತ ಸೇನಾ ಬ್ಯಾಂಡ್ ವಾದಕ, ಬೀದರ್

ಮಾಸ್ತರರೇ, ನಿಮ್ಮ ಆಯ್ಕೆ ತಪ್ಪಲ್ಲ. ಬ್ಯಾಂಡು ಮತ್ತು ಆಪೆರಾ ಹಳೆಯ ನಂಟರು. ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಬೆಲ್ ವ್ಯೂ ಉದ್ಯಾನದಲ್ಲಿ 1853ರಲ್ಲಿ ಆರಂಭವಾದ ಬ್ರಾಸ್ ಬ್ಯಾಂಡ್ (ಹಿತ್ತಾಳೆ ವಾದ್ಯಗಳ ಬ್ಯಾಂಡ್) ಸ್ಪರ್ಧೆಯಲ್ಲಿ ಬಹುಕಾಲ ನುಡಿಸುತ್ತಿದ್ದದ್ದು ಆಪೆರಾಗಳಿಂದ ಆಯ್ದು ಹೊಂದಿಸಿದ ಭಾಗಗಳನ್ನೇ. ಬ್ರಾಸ್ ಬ್ಯಾಂಡಿಗೆಂದೇ ಬರೆದ ಹೊಸ ಕೃತಿಯೊಂದು, ಪರ್ಸಿ ಫ್ಲೆಚರ್ ರಚಿಸಿದ್ದು, ಅಲ್ಲಿನ ರಾಷ್ಟ್ರೀಯ ಸ್ಪರ್ಧೆಗೆ ಬಂದದ್ದು 1913ರಲ್ಲಿ. ಕಾರ್ಖಾನೆ ಮತ್ತು ಗಣಿಯ ಕೆಲಸಗಾರರು ವರ್ದಿ, ಡೊನಿಜೆಟ್ಟಿ ಅವರ ಹಾಡುಗಳನ್ನು ಕಲಿತದ್ದು ರಂಗಮಂದಿರದಲ್ಲಲ್ಲ, ಟ್ರಂಪೆಟ್ಟಿನಂಥ ಕಾರ್ನೆಟ್ಟಿನ ಮೇಲೆ. ನಮ್ಮ ದೇಶದಲ್ಲಿಯೂ ಜನರಲ್ ಕಾರ್ಯಪ್ಪನವರ ಕಾಲದಲ್ಲಿ, 1950ರಲ್ಲಿ, ಪಚ್‌ಮಡಿಯಲ್ಲಿ ಆರಂಭವಾದ ಸೇನಾ ಸಂಗೀತ ಶಾಲೆಯಿಂದ ತರಬೇತಾದವರಿಗೆ ಇಂಥ ಹೊಂದಾಣಿಕೆ ದಿನನಿತ್ಯದ ಕೆಲಸ.

ಶ್ರುತಿಯನ್ನು ಧೈರ್ಯವಾಗಿ ಬದಲಿಸಿರಿ. ಮೂಲದ ಶ್ರುತಿಯನ್ನು ಪುಚ್ಚೀನಿ ಆರಿಸಿಕೊಂಡದ್ದು ಗಾಯಕಿಯ ಕಂಠಕ್ಕಾಗಿ. ನಿಮ್ಮ ಮುಂದಿರುವುದು ಮಕ್ಕಳ ತುಟಿ. ಎ-ಫ್ಲ್ಯಾಟ್‌ನಿಂದ ಇ-ಫ್ಲ್ಯಾಟ್‌ಗೆ, ಎಂದರೆ ಷಡ್ಜದಿಂದ ಶುದ್ಧ ಮಧ್ಯಮಕ್ಕೆ ಇರುವಷ್ಟು ಅಂತರವನ್ನು ಕೆಳಗಿಳಿಸಿದರೆ, ಟ್ರಂಪೆಟ್ ಮತ್ತು ಕ್ಲಾರಿನೆಟ್‌ಗಳು ಒಂದೇ ಫ್ಲ್ಯಾಟ್ (ಅರ್ಧ ಸ್ವರ ಇಳಿಸುವ ಗುರುತು) ಇರುವ ಎಫ್ ಮೇಜರ್ ಓದುತ್ತವೆ, ಆಲ್ಟೊ ಸ್ಯಾಕ್ಸೊಫೋನಿಗೆ ಸಿ ಮೇಜರ್ ಸಿಗುತ್ತದೆ. ಟ್ರಂಪೆಟ್ಟಿನ ತುದಿಯ ಸ್ವರವು ಐದನೆಯ ಗೆರೆಯ ಎಫ್ ಆಗುತ್ತದೆ, ಅದನ್ನು ಎರಡನೆಯ ವರ್ಷದ ವಿದ್ಯಾರ್ಥಿಯೂ ನುಡಿಸಬಲ್ಲ. ಆ ಹಾಡಿನ ಪ್ರಾಣವೇ ಆಗಿರುವ ಒಂದು ಸ್ಥಾಯಿಯ ಜಿಗಿತವು ಈ ಶ್ರುತಿಯಲ್ಲಿ ಕೆಳಗಿನ ಎಫ್‌ನಿಂದ ಮೇಲಿನ ಎಫ್‌ಗೆ ಬರುತ್ತದೆ. ಎರಡಕ್ಕೂ ಒತ್ತುವುದು ಮೊದಲನೆಯ ವಾಲ್ವನ್ನೇ. ಬೆರಳು ಕದಲುವುದಿಲ್ಲ, ಉಸಿರು ಮತ್ತು ತುಟಿ ಮಾತ್ರ ಮೇಲೇರಬೇಕು. ಈ ಜಿಗಿತವೊಂದನ್ನೇ ದಿನಕ್ಕೆ ಹತ್ತು ಸಲ ಮೆಲುದನಿಯಲ್ಲಿ ಅಭ್ಯಾಸ ಮಾಡಿಸಿರಿ.

ಇನ್ನು ಮುಖ್ಯ ಎಳೆಯ ವಿಚಾರ. 1918ರಲ್ಲಿ ನ್ಯೂಯಾರ್ಕಿನಲ್ಲಿ ಮೊದಲು ಪ್ರದರ್ಶನಗೊಂಡ ‘ಜಾನ್ನಿ ಸ್ಕಿಕ್ಕಿ’ ಎಂಬ ಪುಚ್ಚೀನಿಯ ಆಪೆರಾದಲ್ಲಿ ಲೌರೆಟ್ಟಾ ಎಂಬ ಹುಡುಗಿ, ತಾನು ಮೆಚ್ಚಿದವನನ್ನು ಮದುವೆಯಾಗಲು ಬಿಡಬೇಕೆಂದು ತಂದೆಯನ್ನು ಅಂಗಲಾಚುವ ಹಾಡು ಇದು. ಅಂಗಲಾಚುವವಳು ಒಬ್ಬಳೇ. ನಾಲ್ಕು ಟ್ರಂಪೆಟ್ಟುಗಳು ಒಟ್ಟಿಗೆ ನುಡಿಸಿದರೆ ಬೇಡಿಕೆ ಹೋಗಿ ಘೋಷಣೆಯಾಗುತ್ತದೆ. ಆದ್ದರಿಂದ ಒಬ್ಬರಿಗೆ ಮಾತ್ರ ಕೊಡಿರಿ. ಗಾಯಕಿಯ ಸ್ವರದೊಂದಿಗೇ ಪಿಟೀಲುಗಳನ್ನೂ ನಡೆಸುವುದು ಪುಚ್ಚೀನಿಯ ರೂಢಿ. ನೀವು ಪಿಟೀಲಿನ ಜಾಗದಲ್ಲಿ ಇಬ್ಬರು ಕ್ಲಾರಿನೆಟ್ ವಾದಕರನ್ನು ಅತಿ ಮೆಲ್ಲಗೆ ಇರಿಸಬಹುದು. ಹಾರ್ನಿನ ಸ್ವರಗಳನ್ನು ಎರಡು ಆಲ್ಟೊ ಸ್ಯಾಕ್ಸೊಫೋನ್‌ಗಳು ಹೊರುತ್ತವೆ. ತಳಕ್ಕೆ ಯುಫೋನಿಯಂ ಸಾಕು, ಟ್ರೊಂಬೋನ್‌ಗಳನ್ನು ಕೊನೆಯ ಎಂಟು ಮಾತ್ರೆಗಳವರೆಗೆ ತಡೆದಿಡಿರಿ. ಹಾಡಿನ ಧ್ವನಿಮುದ್ರಣವೊಂದನ್ನು ಮಕ್ಕಳಿಗೆ ಕೇಳಿಸಿ, ಗಾಯಕಿ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾಳೋ ಅಲ್ಲಿ ಎಲ್ಲರ ಹಾಳೆಯ ಮೇಲೂ ಪೆನ್ಸಿಲಿನಿಂದ ಅಲ್ಪವಿರಾಮ ಹಾಕಿಸಿರಿ. ಪಕ್ಕವಾದ್ಯದವರೂ ಅಲ್ಲಿಯೇ ಉಸಿರು ತೆಗೆದುಕೊಂಡರೆ ಮಾತ್ರ ಬ್ಯಾಂಡು ಹಾಡುತ್ತದೆ.

‘ಲಂಡನ್‌ಡೆರಿ ಏರ್’ ಧಾಟಿಗೆ ಪರ್ಸಿ ಗ್ರೇಂಜರ್ ಎಂಬ ರಚನಕಾರ ಮಾಡಿದ, 1918ರಲ್ಲಿ ಪ್ರಕಟವಾದ ಬ್ಯಾಂಡ್ ರೂಪವನ್ನು ಒಮ್ಮೆ ಕೇಳಿರಿ. ಮೊದಲ ಸುತ್ತಿನಲ್ಲಿ ಧಾಟಿಯನ್ನು ಆತ ಕೆಳಸ್ಥಾಯಿಯ ವಾದ್ಯಗಳಲ್ಲಿ ಇರಿಸುತ್ತಾನೆ. ನಿಮ್ಮಲ್ಲಿ ಟೆನರ್ ಸ್ಯಾಕ್ಸೊಫೋನ್ ಮತ್ತು ಯುಫೋನಿಯಂ ಆ ಕೆಲಸವನ್ನು ಮಾಡಲಿ, ಉಳಿದವರು ಅದರ ಕೆಳಗೂ ಸುತ್ತಲೂ ತುಂಬು ಸ್ವರಮೇಳವನ್ನು (ಒಟ್ಟಿಗೆ ಮೊಳಗುವ ಹಲವು ಸ್ವರಗಳನ್ನು) ಕೊಡಲಿ.

ಉತ್ತರ: ಮದುವೆ ಬ್ಯಾಂಡಿನ ಕ್ಲಾರಿನೆಟ್ ವಾದಕ, ಯಾದಗಿರಿ

ಬೀದರಿನ ಹಿರಿಯರು ಆಪೆರಾದ ಹಾಡಿನ ಬಗ್ಗೆ ಹೇಳಿದ್ದೆಲ್ಲವನ್ನೂ ಒಪ್ಪುತ್ತೇನೆ. ಆದರೆ ಜಾನಪದ ಧಾಟಿಗೆ ಮೊದಲ ಸುತ್ತಿನಿಂದಲೇ ತುಂಬು ಸ್ವರಮೇಳ ಕೊಡುವುದು ನನಗೆ ಸರಿಯೆನಿಸುವುದಿಲ್ಲ. ನಾನು ಹದಿನೆಂಟು ವರ್ಷಗಳಿಂದ ಮೆರವಣಿಗೆಯಲ್ಲಿ ಕಿವಿಯಿಂದ ಕಲಿತು ನುಡಿಸುತ್ತಿರುವವನು. ಒಂದು ಧಾಟಿ ಜನರಿಗೆ ತಾಗುವುದು ಅದರ ತಿರುವು ಬರಿದಾಗಿ ಕೇಳಿಸಿದಾಗ ಎಂಬುದನ್ನು ಬೀದಿಯಲ್ಲಿಯೇ ಕಂಡಿದ್ದೇನೆ. ಐರ್ಲೆಂಡಿನ ಇಲ್ಲಿಯನ್ ಪೈಪ್ ಎಂಬ ವಾದ್ಯದಲ್ಲಿ ತಂಬೂರಿಯಂತೆ ಎಡೆಬಿಡದೆ ಮೊಳಗುವ ಮೂರು ಕೊಳವೆಗಳು ಇರುತ್ತವೆ. ನೀವೂ ಮೊದಲ ಸುತ್ತಿಗೆ ಷಡ್ಜವನ್ನಷ್ಟೇ ಕೊಡಿರಿ. ಇಬ್ಬರು ಟ್ರೊಂಬೋನ್ ವಾದಕರು ಒಬ್ಬರ ಉಸಿರು ಮುಗಿಯುವ ಮೊದಲೇ ಇನ್ನೊಬ್ಬರು ಸೇರಿಕೊಂಡು ಅದನ್ನು ಹಿಡಿಯಲಿ. ಸ್ವರಮೇಳವು ಎರಡನೆಯ ಸುತ್ತಿಗೆ ಬಂದರೆ ಅದರ ಬೆಲೆ ತಿಳಿಯುತ್ತದೆ.

ಜಿಗ್ ಬಗ್ಗೆ ಹೆಚ್ಚು ಎಚ್ಚರ ಬೇಕು. ‘ಮಾರಿಸನ್ಸ್ ಜಿಗ್’ ಧಾಟಿಯು ಪಾಶ್ಚಾತ್ಯರು ಡೋರಿಯನ್ ಎನ್ನುವ ಸ್ವರಶ್ರೇಣಿಯಲ್ಲಿದೆ, ಅದರಲ್ಲಿರುವುದು ನಮ್ಮ ಹಿಂದುಸ್ತಾನಿ ಸಂಗೀತದ ಕಾಫಿ ಠಾಟ್‌ನದೇ ಸ್ವರಗಳು: ಗಾಂಧಾರ ಮತ್ತು ನಿಷಾದ ಕೋಮಲ, ಧೈವತ ಶುದ್ಧ. ಪುಸ್ತಕದ ಸ್ವರಮೇಳವನ್ನು ಕಲಿತವರು ಇಂಥ ಧಾಟಿಯ ಕೊನೆಗೆ ಅಭ್ಯಾಸಬಲದಿಂದ ನಿಷಾದವನ್ನು ಶುದ್ಧಮಾಡಿ ಪಂಚಮದ ಮೇಜರ್ ಮೇಳವನ್ನು ಹಾಕುತ್ತಾರೆ, ಆಗ ಕಾಫಿಯ ಕಳೆಯೇ ಹೋಗುತ್ತದೆ. ಅದರ ಬದಲು ಕೋಮಲ ನಿಷಾದ, ರಿಷಭ, ಮಧ್ಯಮ ಈ ಮೂರು ಸೇರಿದ ಮೇಳದಿಂದ ನೇರವಾಗಿ ಷಡ್ಜಕ್ಕೆ ಬನ್ನಿರಿ. ಸಾಮಾನ್ಯವಾಗಿ ನುಡಿಸುವ ಇ ಶ್ರುತಿಯು ಟ್ರಂಪೆಟ್ ಮತ್ತು ಕ್ಲಾರಿನೆಟ್ಟಿಗೆ ನಾಲ್ಕು ಶಾರ್ಪ್‌ಗಳನ್ನು (ಅರ್ಧ ಸ್ವರ ಏರಿಸುವ ಗುರುತುಗಳನ್ನು) ತಂದಿಡುತ್ತದೆ. ಷಡ್ಜವನ್ನು ಸಿ ಸ್ವರಕ್ಕೆ ಇಳಿಸಿದರೆ ಆ ವಾದ್ಯಗಳ ಹಾಳೆಯಲ್ಲಿ ಶಾರ್ಪೂ ಇರುವುದಿಲ್ಲ, ಫ್ಲ್ಯಾಟೂ ಇರುವುದಿಲ್ಲ.

ಜಿಗ್ ನಡೆಯು ಆರು ಮಾತ್ರೆಯದು, ದಾದರಾ ಬಲ್ಲ ಮಕ್ಕಳಿಗೆ ತಾನಾಗಿಯೇ ಹಿಡಿತಕ್ಕೆ ಬರುತ್ತದೆ. ಆ ವೇಗದ ಸ್ವರಗಳನ್ನು ಕೊಳಲಿಗೂ ಕ್ಲಾರಿನೆಟ್ಟಿಗೂ ಕೊಟ್ಟು, ಟ್ರಂಪೆಟ್ಟುಗಳಿಗೆ ಮೊದಲ ಮತ್ತು ನಾಲ್ಕನೆಯ ಮಾತ್ರೆಯ ಒತ್ತನ್ನು ಮಾತ್ರ ಬಿಡಿರಿ. ತಾಳವಾದ್ಯದ ಮಕ್ಕಳು ಜಿಗ್‌ನಲ್ಲಿ ಸಂತೋಷವಾಗಿ ಬಾರಿಸಲಿ, ಆದರೆ ಪುಚ್ಚೀನಿಯ ಹಾಡಿನಲ್ಲಿ ಕೋಲು ಕೆಳಗಿಡಲಿ. ಆ ಹಾಡಿನ ಸ್ಥಾಯಿಯ ಜಿಗಿತದ ಹೊತ್ತಿಗೆ ಮಾತ್ರ ದೊಡ್ಡ ಡ್ರಮ್ಮಿನ ಮೇಲೆ ದಪ್ಪ ಟವೆಲ್ ಹಾಸಿ ಒಂದೇ ಒಂದು ಮೆತ್ತನೆಯ ಪೆಟ್ಟು ಕೊಟ್ಟರೆ ಸಾಕು.

ಉತ್ತರ: ಚರ್ಚಿನ ಆರ್ಗನ್ ವಾದಕಿ, ಬೀದರ್

ಹಕ್ಕಿನ ವಿಚಾರವನ್ನು ಯಾರೂ ಎತ್ತಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ನಮ್ಮ ಕಾನೂನಿನಲ್ಲಿ ಸಂಗೀತ ಕೃತಿಯ ಹಕ್ಕು ರಚನಕಾರರು ತೀರಿಕೊಂಡ ನಂತರ 60 ವರ್ಷಗಳವರೆಗೆ ಇರುತ್ತದೆ. ಪುಚ್ಚೀನಿ ತೀರಿಕೊಂಡದ್ದು 1924ರಲ್ಲಿ. ‘ಲಂಡನ್‌ಡೆರಿ ಏರ್’ ಧಾಟಿಯನ್ನು ಲಿಮವಾಡಿ ಊರಿನ ಜೇನ್ ರಾಸ್ ಸಂಗ್ರಹಿಸಿಕೊಟ್ಟು, ಜಾರ್ಜ್ ಪೆಟ್ರಿ 1855ರಲ್ಲಿ ಅಚ್ಚು ಹಾಕಿಸಿದರು. ಹೀಗಾಗಿ ಮೂಲದಿಂದ ನೀವೇ ಬರೆದುಕೊಳ್ಳುವುದಕ್ಕೆ ಅಡ್ಡಿಯಿಲ್ಲ. ಆದರೆ ಈಗಿನವರು ಮಾಡಿದ ಹೊಂದಾಣಿಕೆಯ ಮೇಲೆ ಅವರಿಗೆ ಬೇರೆಯೇ ಹಕ್ಕು ಇರುತ್ತದೆ. ಅಂತರ್ಜಾಲದಲ್ಲಿ ಸಿಕ್ಕ ಪ್ರತಿಯನ್ನು ಜೆರಾಕ್ಸ್ ಮಾಡಿಸಿ ಹಂಚಬೇಡಿರಿ.

ಇನ್ನೊಂದು ಸಲಹೆಯಿದೆ. ನಿಮ್ಮ ಎರಡೂ ಆಸೆಗಳನ್ನು ಒಂದೇ ಧಾಟಿ ಪೂರೈಸುತ್ತದೆ. ‘ದ ಲಾಸ್ಟ್ ರೋಸ್ ಆಫ್ ಸಮ್ಮರ್’ ಎಂಬುದು ಹಳೆಯ ಐರಿಷ್ ಧಾಟಿಗೆ ಥಾಮಸ್ ಮೂರ್ ಪದ್ಯ ಹೊಂದಿಸಿದ ಹಾಡು. ಅದನ್ನೇ ಫ್ಲೊಟೊ ಎಂಬ ಜರ್ಮನ್ ರಚನಕಾರ 1847ರಲ್ಲಿ ವಿಯೆನ್ನಾದಲ್ಲಿ ಪ್ರದರ್ಶನಗೊಂಡ ‘ಮಾರ್ಥಾ’ ಆಪೆರಾದಲ್ಲಿ ನಾಯಕಿಯ ಬಾಯಲ್ಲಿ ಹಾಡಿಸಿದ. ಮೊದಲ ಸುತ್ತನ್ನು ಯಾದಗಿರಿಯ ಅಣ್ಣನವರು ಹೇಳಿದಂತೆ ಬರಿದಾಗಿಯೂ ಎರಡನೆಯದನ್ನು ಆಪೆರಾದ ರೀತಿಯಲ್ಲಿಯೂ ನುಡಿಸಿದರೆ ಮಕ್ಕಳಿಗೆ ಎರಡರ ಸಂಬಂಧ ಕಿವಿಗೇ ತಿಳಿಯುತ್ತದೆ.

ಮರುನುಡಿ: ಸಂಗೀತ ಶಿಕ್ಷಕ, ಕಲಬುರಗಿ

ಮೂವರಿಗೂ ಶರಣು ಶರಣಾರ್ಥಿ. ಕಳೆದ ಭಾನುವಾರ ಇ-ಫ್ಲ್ಯಾಟ್ ಶ್ರುತಿಯಲ್ಲಿ ಹೊಸ ಹಾಳೆಗಳನ್ನು ಬರೆದು ತಾಲೀಮು ಮಾಡಿಸಿದೆ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳಿಗೆ ಮುಖ್ಯ ಎಳೆಯನ್ನು ಕೊಟ್ಟಿದ್ದೆ. ಎಫ್‌ನಿಂದ ಎಫ್‌ಗೆ ಹೋಗುವ ಜಿಗಿತ ಮೊದಲೆರಡು ಸಲ ತಪ್ಪಿತು. ಮೂರನೆಯ ಸಲ ಅವಳು ಅಲ್ಪವಿರಾಮದ ಗುರುತಿನಲ್ಲಿ ಉಸಿರು ತೆಗೆದುಕೊಂಡಾಗ ಹಿಂದಿನ ಸಾಲಿನ ಆಲ್ಟೊ ಸ್ಯಾಕ್ಸೊಫೋನ್ ಹುಡುಗರೂ ತಾವಾಗಿಯೇ ಉಸಿರು ತೆಗೆದುಕೊಂಡರು, ಸ್ವರ ನಿಂತಿತು. ಐರಿಷ್ ಧಾಟಿಯ ಮೊದಲ ಸುತ್ತನ್ನು ಷಡ್ಜದ ಮೇಲೆಯೇ ಇಟ್ಟಿದ್ದೇನೆ, ತುಂಬು ಸ್ವರಮೇಳ ಎರಡನೆಯ ಸುತ್ತಿಗೆ. ಜಿಗ್‌ನ ಕೊನೆಯಲ್ಲಿ ನಾನೂ ಶುದ್ಧ ನಿಷಾದವನ್ನೇ ಬರೆದಿದ್ದೆ, ಈಗ ತಿದ್ದಿದ್ದೇನೆ. ‘ಮಾರ್ಥಾ’ದ ಹಾಡಿನ ಹಾಳೆಗಳನ್ನು ಬರೆಯಲು ಇಂದು ರಾತ್ರಿ ಕುಳಿತುಕೊಳ್ಳುತ್ತೇನೆ.