ನಾಲ್ಕು ಅಡಿಯ ತೊಟ್ಟಿಗೆ ದೊಡ್ಡದಾದ, ಗಟ್ಟಿಮುಟ್ಟಾದ, ಅಗ್ಗದ ಮೀನು ಯಾವುದು?

ಪ್ರಶ್ನೆ: ಹೊಸಬ, ರಾಜಾಜಿನಗರ

ಮಾನ್ಯರೇ, ಮನೆ ಬದಲಿಸಿದ ನೆರೆಯವರು ತಮ್ಮ ಅಕ್ವೇರಿಯಂ ಅನ್ನು ನಮಗೆ ಕೊಟ್ಟುಹೋಗಿದ್ದಾರೆ. ಅದರ ಉದ್ದ 4 ಅಡಿ, ಅಗಲ ಮತ್ತು ಎತ್ತರ ತಲಾ ಒಂದೂವರೆ ಅಡಿ. ನಾನು ಈವರೆಗೆ ಮೀನು ಸಾಕಿದವನಲ್ಲ. ಸಣ್ಣ ಮೀನುಗಳ ಗುಂಪಿಗಿಂತ, ಕೋಣೆಯ ಆಚೆ ಬದಿಯಿಂದಲೂ ಚೆನ್ನಾಗಿ ಕಾಣುವ ಕೆಲವೇ ದೊಡ್ಡ ಮೀನುಗಳಿದ್ದರೆ ಚೆಂದ ಎಂಬುದು ಮನೆಯವರೆಲ್ಲರ ಅಭಿಪ್ರಾಯ. ಅಂಗಡಿಯಲ್ಲಿ ವಿಚಾರಿಸಿದಾಗ ಆಸ್ಕರ್, ಶಾರ್ಕ್ ಮತ್ತು ಸಕ್ಕರ್ ಮೂರನ್ನೂ ಒಟ್ಟಿಗೆ ಬಿಡಬಹುದು, ಇವು ಸುಲಭವಾಗಿ ಸಾಯುವುದಿಲ್ಲ ಎಂದರು. ಮರಿಗಳ ಬೆಲೆಯೂ ಕಡಿಮೆಯೇ ಇತ್ತು. ಈ ಸಲಹೆ ಸರಿಯೇ? ನಮ್ಮ ಬೀದಿಗೆ ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ.

ಉತ್ತರ 1: ಹಳೆಯ ಹವ್ಯಾಸಿ, ಮಲ್ಲೇಶ್ವರ

ಮೊದಲು ತೊಟ್ಟಿಯ ಲೆಕ್ಕ ನೋಡೋಣ. ನಿಮ್ಮದು 9 ಘನ ಅಡಿ, ಅಂದರೆ ಸುಮಾರು 255 ಲೀಟರ್. ಮೇಲ್ಗಡೆ ಬಿಡುವ ಜಾಗ ಮತ್ತು ತಳದ ಜಲ್ಲಿಯನ್ನು ಕಳೆದರೆ ಮೀನಿಗೆ ಸಿಗುವುದು 220 ಲೀಟರ್ ಆಸುಪಾಸು. ಅಂಗಡಿಯವರು ಹೇಳಿದ ಮೂರರಲ್ಲಿ ಯಾವುದೂ ಇದಕ್ಕೆ ಹೊಂದುವುದಿಲ್ಲ. 'ಶಾರ್ಕ್' ಎಂದು ಮಾರುವ ಆ ಬೆಳ್ಳಿಬಣ್ಣದ ಮರಿ ಮೆಕಾಂಗ್ ನದಿಯ ಪಂಗಾಸಿಯಸ್. ನಮ್ಮ ಹೋಟೆಲುಗಳಲ್ಲಿ 'ಬಾಸಾ' ಎಂಬ ಹೆಸರಿನಲ್ಲಿ ತಟ್ಟೆಗೆ ಬರುವುದೂ ಸಾಮಾನ್ಯವಾಗಿ ಇದೇ. ಅದು ಒಂದು ಮೀಟರಿಗಿಂತ ಉದ್ದ ಬೆಳೆಯಬಲ್ಲದು, ಗುಂಪಿನಲ್ಲಿರಬಯಸುತ್ತದೆ, ಬೆದರಿದರೆ ಗಾಜಿಗೆ ಮೂತಿ ಗುದ್ದಿಕೊಳ್ಳುತ್ತದೆ. ಸಕ್ಕರ್ ಮೀನು ಪಾಚಿ ತಿನ್ನುತ್ತದೆ ಎಂಬುದು ನಿಜವಾದರೂ ಒಂದು ಅಡಿ ದಾಟಿದ ಮೇಲೆ ಅದು ತಿಂದು ಶುಚಿಗೊಳಿಸುವುದಕ್ಕಿಂತ ಮಾಡುವ ಹೊಲಸೇ ಹೆಚ್ಚು. ದೊಡ್ಡದಾದ ಮೇಲೆ ಕೆರೆಗೆ ಬಿಟ್ಟರಾಯಿತು ಎಂದು ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ದಕ್ಷಿಣ ಅಮೆರಿಕದ ಈ ಮೀನು ನಮ್ಮ ದೇಶದ ಕೆರೆ, ನದಿಗಳಲ್ಲಿ ಈಗಾಗಲೇ ನೆಲೆಯೂರಿ ಸ್ಥಳೀಯ ಮೀನುಗಳಿಗೆ ತೊಂದರೆ ಕೊಡುತ್ತಿದೆ.

ಆಸ್ಕರ್ ಗಟ್ಟಿ ಮೀನು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಒಂದು ಅಡಿ ಬೆಳೆಯುವ, ಹತ್ತು ವರ್ಷಕ್ಕೂ ಮೀರಿ ಬದುಕುವ ಮೀನಿಗೆ ಒಂದೂವರೆ ಅಡಿ ಅಗಲದಲ್ಲಿ ತಿರುಗುವುದೇ ಕಷ್ಟ. ಒಂಟಿ ಆಸ್ಕರ್‌ಗೆ 280 ಲೀಟರ್ ಕನಿಷ್ಠವೆಂದು ಅನುಭವಿಗಳು ಹೇಳುತ್ತಾರೆ. ಅದು ಹೆಚ್ಚು ತಿಂದು ಹೆಚ್ಚು ಕಸ ಮಾಡುವುದರಿಂದ ನೀರು ಬೇಗ ಕೆಡುತ್ತದೆ, ಕೆಟ್ಟ ನೀರಿನಲ್ಲಿ ಅದರ ತಲೆಯ ಮೇಲೆ ಕುಳಿಗಳು ಬೀಳುವ ರೋಗವೂ ಬರುತ್ತದೆ.

ನನ್ನ ಆಯ್ಕೆ ಸೆವೆರಮ್. ಅದೂ ಆಸ್ಕರ್‌ನ ಬಳಗದ್ದೇ, ಸುಮಾರು 20 ಸೆಂಟಿಮೀಟರ್ ಬೆಳೆಯುತ್ತದೆ, ಸ್ವಭಾವ ಸೌಮ್ಯ. ಹೊತ್ತಿಗೆ ಸರಿಯಾಗಿ ಕಾಳು ಹಾಕುವವರನ್ನು ಕಂಡರೆ ಗಾಜಿನ ಬಳಿ ಬಂದು ನಿಲ್ಲುತ್ತದೆ. ಒಂದು ಸೆವೆರಮ್, ಜೊತೆಗೆ ನಮ್ಮ ಪಶ್ಚಿಮಘಟ್ಟದ ಹೊಳೆಗಳ ಫಿಲಮೆಂಟ್ ಬಾರ್ಬ್ ಆರು ಬಿಟ್ಟರೆ ತೊಟ್ಟಿ ತುಂಬಿ ಕಾಣುತ್ತದೆ. ಬೆಳೆದ ಗಂಡು ಬಾರ್ಬ್‌ನ ಬೆನ್ನಿನ ರೆಕ್ಕೆಯಿಂದ ಎಳೆಗಳು ಚಾಚುತ್ತವೆ, ಅದನ್ನು ನೋಡುವುದೇ ಒಂದು ಸೊಗಸು. ಗಿಡ ನೆಡುವ ಆಸೆ ಮಾತ್ರ ಬೇಡ, ಸೆವೆರಮ್ ಅವನ್ನು ಮೇಯುತ್ತದೆ.

ಉತ್ತರ 2: ಜಯನಗರದ ಓದುಗ

ಮೇಲಿನವರ ಮಾತನ್ನು ಒಪ್ಪುತ್ತೇನೆ. ಆದರೆ ಅಗ್ಗ ಎಂಬ ಮಾತು ಬಂದಾಗ ಹೀಟರ್‌ನ ಖರ್ಚನ್ನು ಮರೆಯಬಾರದು. ಸೆವೆರಮ್‌ಗೆ 24 ಡಿಗ್ರಿಗಿಂತ ಮೇಲಿನ ನೀರು ಬೇಕು, ಡಿಸೆಂಬರ್–ಜನವರಿಯ ಬೆಂಗಳೂರಿನ ರಾತ್ರಿಗಳಲ್ಲಿ ನೀರು ಅದಕ್ಕಿಂತ ತಣ್ಣಗಾಗುತ್ತದೆ. ಇಷ್ಟು ನೀರಿಗೆ 200 ವ್ಯಾಟ್‌ನ, ಥರ್ಮೋಸ್ಟಾಟ್ ಇರುವ ಹೀಟರ್ ಕೊಳ್ಳಬೇಕಾಗುತ್ತದೆ. ಅದು ಬೇಡವೆಂದರೆ ಕಾಮೆಟ್ ಗೋಲ್ಡ್‌ಫಿಶ್ ಸಾಕಬಹುದು. ಜನ ಅದನ್ನು ಮಕ್ಕಳ ಮೀನೆಂದು ತಳ್ಳಿಹಾಕುತ್ತಾರೆ, ಆದರೆ ಒಳ್ಳೆಯ ತೊಟ್ಟಿಯಲ್ಲಿ 20 ಸೆಂಟಿಮೀಟರ್ ದಾಟುವ ಈ ಮೀನಿಗೆ ನಮ್ಮೂರಿನ ತಂಪು ಹೇಳಿಮಾಡಿಸಿದಂತಿದೆ. ನಿಮ್ಮ ತೊಟ್ಟಿಗೆ ಮೂರು ಸಾಕು. ಸೆವೆರಮ್ ಜೊತೆ ಮಾತ್ರ ಸೇರಿಸಬೇಡಿ. ಪ್ಯಾರಟ್ ಮೀನನ್ನೂ ಅಂಗಡಿಯವರು ಮುಂದೆ ಹಿಡಿಯುತ್ತಾರೆ. ಅದು ಗಟ್ಟಿಯೇ, ಆದರೆ ಮಿಶ್ರತಳಿಯಾದ್ದರಿಂದ ಎಷ್ಟೋ ಮೀನುಗಳ ಬಾಯಿ ಸರಿಯಾಗಿ ಮುಚ್ಚುವುದಿಲ್ಲ. ನೀಲಿ, ನೇರಳೆ ಬಣ್ಣದವುಗಳಿಗೆ ಬಣ್ಣ ಹಾಕಿರುತ್ತಾರೆ, ಅಂಥವನ್ನು ಕೊಳ್ಳಬೇಡಿ.

ಹೊಸಬ, ರಾಜಾಜಿನಗರ

ಇಬ್ಬರಿಗೂ ಧನ್ಯವಾದಗಳು. ಹೀಟರ್ ಕೊಳ್ಳಲು ಅಡ್ಡಿಯಿಲ್ಲ, ಸೆವೆರಮ್ ಮತ್ತು ಬಾರ್ಬ್ ಎಂದು ನಿರ್ಧರಿಸಿದ್ದೇವೆ. ನೀರು ತುಂಬಿ ಮರುದಿನವೇ ಮೀನು ತರಬಹುದೇ?

ಉತ್ತರ 3: ನೀರಿನ ಚಿಂತೆಯವರು, ಯಲಹಂಕ

ತರಬೇಡಿ. ಮೀನಿನ ಹೊಲಸಿನಿಂದ ಬರುವ ಅಮೋನಿಯಾ ವಿಷ. ಅದನ್ನು ನೈಟ್ರೈಟ್ ಆಗಿಯೂ, ಆ ನೈಟ್ರೈಟನ್ನು ಹೆಚ್ಚು ಹಾನಿಯಿಲ್ಲದ ನೈಟ್ರೇಟ್ ಆಗಿಯೂ ಬದಲಿಸುವ ಬ್ಯಾಕ್ಟೀರಿಯಾಗಳು ಫಿಲ್ಟರ್‌ನಲ್ಲಿ ನೆಲೆಗೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಗಟ್ಟಿ ಮೀನನ್ನೇ ಮೊದಲು ಬಿಟ್ಟು ತೊಟ್ಟಿ ಹದಮಾಡುವ ಹಳೆಯ ಪದ್ಧತಿ ನನಗೆ ಒಪ್ಪಿಗೆಯಿಲ್ಲ, ಬದುಕಿ ಉಳಿದರೂ ಅದರ ಕಿವಿರುಗಳಿಗೆ ಪೆಟ್ಟು ಬಿದ್ದಿರುತ್ತದೆ. ಖಾಲಿ ತೊಟ್ಟಿಯಲ್ಲೇ ಫಿಲ್ಟರ್ ನಡೆಸಿ, ದಿನಕ್ಕೆ ಚಿಟಿಕೆ ಮೀನಿನ ಆಹಾರ ಹಾಕುತ್ತಾ ಬನ್ನಿ. ಮೀನು ಸಾಕುವ ಪರಿಚಯಸ್ಥರಿದ್ದರೆ ಅವರ ಫಿಲ್ಟರ್‌ನ ಬಳಸಿದ ಸ್ಪಂಜಿನ ತುಂಡನ್ನು ಕೇಳಿ ತನ್ನಿ, ಕಾಯುವ ಕಾಲ ಬಹಳ ಕಡಿಮೆಯಾಗುತ್ತದೆ. ಪರೀಕ್ಷಾ ಕಿಟ್‌ನಲ್ಲಿ ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆ ತೋರಿದ ಮೇಲೆ ಬಾರ್ಬ್‌ಗಳನ್ನು ಬಿಡಿ, ಸೆವೆರಮ್ ಆಮೇಲೆ ಬರಲಿ.

ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುವುದರಿಂದ ಬಂದ ನೀರನ್ನು ನೇರವಾಗಿ ಸುರಿಯಬಾರದು. ಅಂಗಡಿಯಲ್ಲಿ ಸಿಗುವ ಆಂಟಿಕ್ಲೋರಿನ್ ಅನ್ನು ಹೇಳಿದ ಪ್ರಮಾಣದಲ್ಲಿ ಬೆರೆಸಿ, ಬಕೆಟ್‌ನಲ್ಲಿಟ್ಟು ಬಳಸಿ. ವಾರಕ್ಕೆ ನಾಲ್ಕನೆಯ ಒಂದು ಭಾಗ, ಎಂದರೆ ಮೂರು ನಾಲ್ಕು ಬಕೆಟ್ ನೀರು ಬದಲಿಸಬೇಕು; ನೀರು ಬರುವ ದಿನವನ್ನೇ ಇದಕ್ಕೆ ಇಟ್ಟುಕೊಳ್ಳಿ, ತೆಗೆದ ನೀರು ಹೂಕುಂಡಗಳಿಗಾಗುತ್ತದೆ. ಆರ್‌ಓ ನೀರನ್ನು ಮಾತ್ರ ತುಂಬಬೇಡಿ, ಅದರಲ್ಲಿ ಮೀನಿಗೆ ಬೇಕಾದ ಖನಿಜಾಂಶವಿರುವುದಿಲ್ಲ. ಕರೆಂಟ್ ಹೋಗುವ ಬೀದಿಯಾದರೆ ಬ್ಯಾಟರಿಯ ಏರ್ ಪಂಪ್ ಒಂದನ್ನು ಹೀಟರ್ ಜೊತೆಯಲ್ಲೇ ಕೊಂಡಿಟ್ಟುಕೊಳ್ಳಿ, ಕರೆಂಟ್ ಬರುವವರೆಗೂ ಆಹಾರ ಹಾಕಬೇಡಿ.