ಮರು: ಮೈಕೊರೈಜಾಗೆ ಕನ್ನಡದಲ್ಲಿ ಏನನ್ನಬೇಕು? ನರ್ಸರಿ ಬೋರ್ಡಿಗೆ ಇವತ್ತೇ ಬೇಕು

ಮೈಕೊರೈಜಾ ಅಂದರೆ ಗಿಡದ ಬೇರೂ ಮಣ್ಣಿನ ಒಂದು ಬಗೆಯ ಶಿಲೀಂಧ್ರವೂ ಕೂಡಿ ಬಾಳೋದು; ನರ್ಸರಿಯಲ್ಲಿ ಮಾರೋದು ಆ ಶಿಲೀಂಧ್ರವನ್ನು. ತುಮಕೂರಿನಿಂದ ಕೇಳಿದವರಿಗೆ ಸಂಜೆಯೊಳಗೆ ಅದಕ್ಕೆ ಕನ್ನಡ ಪದ ಬೇಕು. ಹಾಗಾಗಿ ಮೊದಲು ಉತ್ತರ. ದೊಡ್ಡ ಅಕ್ಷರದಲ್ಲಿ "ಬೇರಿಗೆ ಕೂಡುವ ಶಿಲೀಂಧ್ರ" ಅಂತ ಬರೆಸಿ, ಅದರ ಕೆಳಗೆ ಸಣ್ಣದಾಗಿ "ವ್ಯಾಮ್" (VAM), ಅಂಗಡಿಯಲ್ಲಿ ಇದಕ್ಕಿರುವ ಹೆಸರು. ಕೊಳ್ಳಲು ಬರುವ ರೈತರು ವ್ಯಾಮ್ ಇದೆಯಾ ಅಂತಲೇ ಕೇಳುತ್ತಾರೆ. ಆ ಪದ ತೆಗೆದರೆ ನಿಮ್ಮ ಹತ್ತಿರ ಅದು ಇದೆ ಅಂತ ಅವರಿಗೆ ಗೊತ್ತೇ ಆಗಲ್ಲ.

ಇಲ್ಲಿ ಬಂದಿರುವ ಬೇರೆ ಸಲಹೆಗಳಲ್ಲಿ ಒಂದೂ ಬೋರ್ಡಿಗೆ ಆಗಲ್ಲ. ಯಾಕೆ ಅಂತ ಹೇಳುತ್ತೇನೆ.

"ಬೇರುಬೂಸ್ಟು" ಅಚ್ಚಗನ್ನಡ, ಒಪ್ಪುತ್ತೇನೆ. ಆದರೆ ಬೂಸ್ಟು ಹಿಡಿಯೋದು ಹಳಸಿದ ರೊಟ್ಟಿಗೆ, ಕೆಟ್ಟ ಉಪ್ಪಿನಕಾಯಿಗೆ. ಶ್ರೀನಿವಾಸಪುರದ ಟೊಮೆಟೊ ಬೆಳೆಗಾರನಿಗೆ ಬೇರಿಗೆ ಬೂಸ್ಟು ಅಂದರೆ ಬೇರುಕೊಳೆ. ಅವನು ಕಾರ್ಬೆಂಡಜಿಂ ಅನ್ನೋ ಶಿಲೀಂಧ್ರನಾಶಕ ಕಲಸಿ ಬುಡಕ್ಕೆ ಹುಯ್ಯುತ್ತಾನೆ, ಆ ಔಷಧಿ ಈ ಶಿಲೀಂಧ್ರಕ್ಕೂ ಪೆಟ್ಟು ಕೊಡುತ್ತೆ. ಮಾರುವ ವಸ್ತುವನ್ನೇ ಕೊಲ್ಲಿಸುವ ಹೆಸರು ಯಾರಿಗೆ ಬೇಕು?

"ಬೇರಣಬೆ" ತಪ್ಪು. ವ್ಯಾಮ್ ಗುಂಪಿನವು ಅಣಬೆಯ ಕೊಡೆ ಬಿಡಲ್ಲ, ಅವುಗಳ ಬೀಜಕ (ಬೀಜದ ಕೆಲಸ ಮಾಡುವ ಸಣ್ಣ ಕಣ) ಮಣ್ಣೊಳಗೇ ಇರುತ್ತೆ. ಬೇರಿನ ಸುತ್ತ ಹೊರಗಿಂದ ಕವಚ ಕಟ್ಟಿ ಮೇಲೆ ಅಣಬೆ ಬಿಡುವವು ಬೇರೆ ಗುಂಪು. ಅವು ಪೈನ್, ನೀಲಗಿರಿಯಂಥ ಮರಗಳಿಗೆ ಕೂಡುತ್ತವೆ. ಟೊಮೆಟೊ, ಮೆಣಸಿನಕಾಯಿ, ಗುಲಾಬಿಗೆ ಅಲ್ಲ.

"ಮಿತ್ರ ಶಿಲೀಂಧ್ರ" ಇದಕ್ಕಿಂತ ಅಪಾಯ, ಕೇಳೋಕೆ ಚೆನ್ನಾಗಿರೋದರಿಂದ. ಬೆಳೆಯ ರೋಗ ತಡೆಯೋಕೆ ಹಾಕುವ ಟ್ರೈಕೋಡರ್ಮಾ ಅನ್ನೋ ಶಿಲೀಂಧ್ರ ಕೂಡ ಮಿತ್ರನೇ, ಅದೇ ಅಂಗಡಿಯಲ್ಲಿ ಅದೇ ಸಾಲಿನಲ್ಲಿ ಕೂತಿರುತ್ತೆ. ಅದನ್ನು ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿ ನೆರಳಲ್ಲಿಟ್ಟರೆ ಹೆಚ್ಚುತ್ತೆ. ವ್ಯಾಮ್ ಹಾಗಲ್ಲ. ಜೀವ ಇರುವ ಬೇರು ಸಿಗದೆ ಅದು ಬೆಳೆಯೋದೇ ಇಲ್ಲ. ಅದಕ್ಕೇ ಅದನ್ನು ರಾಗಿ, ಜೋಳದಂಥ ಗಿಡಗಳ ಬೇರಿನಲ್ಲಿ ಬೆಳೆಸಿ, ಆ ಬೇರಿನ ಚೂರು, ಮಣ್ಣು ಎಲ್ಲ ಸೇರಿಸಿ ಚೀಲಕ್ಕೆ ತುಂಬೋದು. ಎರಡಕ್ಕೂ ಒಂದೇ ಹೆಸರು ಕೊಟ್ಟರೆ ರೈತ ವ್ಯಾಮನ್ನೂ ತಿಪ್ಪೆಗೆ ಬೆರೆಸಿ ಹೆಚ್ಚಲಿ ಅಂತ ಕಾಯುತ್ತಾನೆ, ದುಡ್ಡು ಹೋಗುತ್ತೆ. ಎರಡನ್ನೂ ಬೇರೆ ಮಾಡಿ ತೋರಿಸೋದು "ಕೂಡುವ" ಅನ್ನೋ ಮಾತು. ಅದನ್ನು ಬಿಡಬೇಡಿ.

ಇನ್ನು ಅರಿಸಮಾಸ, ಅಂದರೆ ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆಯುವ ದೋಷ. ಬೇರು ಕನ್ನಡ, ಶಿಲೀಂಧ್ರ ಸಂಸ್ಕೃತ. "ಬೇರುಶಿಲೀಂಧ್ರ ಅಶುದ್ಧ, ಮೂಲಶಿಲೀಂಧ್ರ ಅನ್ನಿ" ಅಂತ ಒಬ್ಬರು ತೀರ್ಪು ಕೊಟ್ಟಿದ್ದಾರೆ. "ಶಬ್ದಮಣಿದರ್ಪಣ" ವ್ಯಾಕರಣ ಬರೆದ ಕೇಶಿರಾಜನೇ ಬಿರುದಾವಳಿಗೆ, ಹಿಂದಿನ ಕವಿಗಳ ಪ್ರಯೋಗಕ್ಕೆ ವಿನಾಯಿತಿ ಕೊಟ್ಟಿದ್ದಾನೆ. ದಿನಗೂಲಿ ಕೂಡ ಅರಿಸಮಾಸವೇ; ಅದನ್ನು ದಿನಾ ಹೇಳುವವರು ನರ್ಸರಿ ಬೋರ್ಡಿಗೆ ಮಾತ್ರ ಮಡಿ ಕಟ್ಟೋದು ಯಾವ ನ್ಯಾಯ? ಅಷ್ಟಕ್ಕೂ ನಾನು ಹೇಳಿದ್ದು ಸಮಾಸವೇ ಅಲ್ಲ. "ಬೇರಿಗೆ" ಚತುರ್ಥಿ, "ಕೂಡುವ" ಕೃದಂತ. ಅರಿಯೂ ಇಲ್ಲ, ಸಮಾಸವೂ ಇಲ್ಲ. "ಮೂಲ" ಅಂದರೆ ನಮ್ಮ ಕಡೆ ಜನಕ್ಕೆ ಮೊದಲು ನೆನಪಾಗೋದು ಮೂಲವ್ಯಾಧಿ, ಇಲ್ಲದಿದ್ದರೆ ಮೂಲ ದಾಖಲೆ. ಬೇರು ಇರಲಿ. ಬಾಯಿಗೆ ತಮಿಳಲ್ಲಿ ವಾಯ್, ಬೆರಳಿಗೆ ವಿರಲ್ ಇದ್ದ ಹಾಗೆ ಬೇರಿಗೆ ವೇರ್, ತೆಲುಗಲ್ಲಿ ವೇರು. ಬಾಗೇಪಲ್ಲಿ, ಮುಳಬಾಗಿಲು ಕಡೆ ಮನೆಯಲ್ಲಿ ತೆಲುಗು ಆಡುವವರಿಗೂ ಅದು ಓದಿದ ಕೂಡಲೇ ತಿಳಿಯುತ್ತೆ.

ಶಿಲೀಂಧ್ರ ಪಠ್ಯಪುಸ್ತಕದವರು ಹುಟ್ಟಿಸಿದ ಪದ ಅಂದವರಿಗೂ ಒಂದು ಮಾತು. ಅದು ತುಂಬಾ ಹಳೆಯದು. ಸಂಸ್ಕೃತ ಕಾವ್ಯದಲ್ಲಿ ಅದು ಮೋಡ ಗುಡುಗಿದಾಗ ನೆಲದಿಂದ ಏಳುವ ಅಣಬೆ. ಗುಡುಗಿದರೆ ಅಣಬೆ ಏಳುತ್ತೆ ಅಂತ ನಮ್ಮ ಹಳ್ಳಿಗಳಲ್ಲೂ ಹೇಳುತ್ತಾರಲ್ವಾ? ಇವತ್ತು ಅದರ ಅರ್ಥ ಹಿಗ್ಗಿ ಬೂಸ್ಟು, ಹುದುಗು ಎಲ್ಲಕ್ಕೂ ಆಗಿದೆ. ರೈತರಿಗೆ ಅದು ಬಂದಿರೋದು ಶಿಲೀಂಧ್ರನಾಶಕ ಅನ್ನೋ ಡಬ್ಬದ ಮೇಲಿಂದ, ಶತ್ರುವಿನ ಹೆಸರಾಗಿ. ಅದರ ಹಿಂದೆ "ಬೇರಿಗೆ ಕೂಡುವ" ಅಂತ ಸೇರಿಸಿದರೆ ಆ ಭಯ ಹೋಗುತ್ತೆ.

ಮೈಕೊರೈಜಾ ಅನ್ನೋದನ್ನು 1885ರಲ್ಲಿ ಜರ್ಮನಿಯ ಸಸ್ಯವಿಜ್ಞಾನಿ ಆಲ್ಬರ್ಟ್ ಬರ್ನ್‌ಹಾರ್ಡ್ ಫ್ರಾಂಕ್ ಕಟ್ಟಿದ. ಗ್ರೀಕಿನಲ್ಲಿ ಮೊದಲ ತುಂಡು ಅಣಬೆ, ಎರಡನೆಯದು ಬೇರು. ಅಲ್ಲಿ ತಲೆಪದ, ಅಂದರೆ ಮುಖ್ಯ ಪದ, ಬೇರು. ಅವನು ಹೆಸರಿಟ್ಟಿದ್ದು ಶಿಲೀಂಧ್ರಕ್ಕಲ್ಲ, ಎರಡೂ ಕೂಡಿ ಆದ ಅಂಗಕ್ಕೆ. ಮಕ್ಕೀಕಾಮಕ್ಕಿ ಅನುವಾದ ಮಾಡುವವರಾದರೂ ಬೂಸ್ಟುಬೇರು ಅನ್ನಬೇಕಿತ್ತು, ಬೇರುಬೂಸ್ಟು ಅಲ್ಲ. ಪಠ್ಯಕ್ಕೆ ಒಂದು ಪದ ಬೇಕೇ ಬೇಕು ಅಂದರೆ ನನ್ನ ಆಯ್ಕೆ "ಕೂಡುಬೇರು". ಕೂಡುರಸ್ತೆ ಅನ್ನುವ ನಾಡಿನಲ್ಲಿ ಅದು ಹೊಸದಾಗಿ ಕೇಳಿಸಲ್ಲ. ಕೆಲಸಕ್ಕೂ ಒಪ್ಪುತ್ತೆ. ಶಿಲೀಂಧ್ರದ ಎಳೆ ಬೇರಿನ ಜೀವಕೋಶದ ಗೋಡೆ ದಾಟಿ ಒಳಗೆ ಪುಟ್ಟ ಮರದ ಹಾಗೆ ಕವಲೊಡೆಯುತ್ತೆ. ಗಿಡದ ಸಕ್ಕರೆ ಶಿಲೀಂಧ್ರಕ್ಕೆ, ಶಿಲೀಂಧ್ರ ತಂದ ರಂಜಕ (ಫಾಸ್ಫರಸ್) ಗಿಡಕ್ಕೆ ಕೈಬದಲಾಗೋದು ಅಲ್ಲೇ. ನಮ್ಮ ಕೆಂಪು ಮಣ್ಣಿನಲ್ಲಿ ರಂಜಕವನ್ನು ಕಬ್ಬಿಣ, ಅಲ್ಯೂಮಿನಿಯಂ ಹಿಡಿದಿಟ್ಟುಕೊಳ್ಳುತ್ತವೆ. ಅದು ನೀರಿನ ಜೊತೆ ಹರಿದು ಬೇರಿನ ಹತ್ತಿರ ಬರಲ್ಲ. ಬೇರು ತನ್ನ ಸುತ್ತಲಿನದನ್ನು ಹೀರಿ ಖಾಲಿ ಮಾಡಿದ ಮೇಲೆ, ಬೇರುಗೂದಲಿಗಿಂತ ತೆಳುವಾದ ಈ ಎಳೆಗಳು ಆಚೆ ಹೋಗಿ ತರುತ್ತವೆ.

ಚೀಲದಲ್ಲಿ ಇರೋದು ಈ ಕೂಡುವಿಕೆ ಅಲ್ಲ, ಅದಕ್ಕೆ ಹಾಕುವ ಹೆಪ್ಪು. ಅದಕ್ಕೇ ಬೋರ್ಡಿನಲ್ಲಿ ದಯವಿಟ್ಟು "ಗೊಬ್ಬರ" ಅನ್ನಬೇಡಿ. ಜೈವಿಕ ಗೊಬ್ಬರ ಅನ್ನೋದು ಸರ್ಕಾರಿ ಬಳಕೆ, ಇರಲಿ. ಆದರೆ ಗೊಬ್ಬರ ಅಂದ ಕೂಡಲೇ ಜನ ಮೇಲೆ ಎರಚುತ್ತಾರೆ, ಜಾಸ್ತಿ ಹಾಕಿದರೆ ಜಾಸ್ತಿ ಬೆಳೆ ಅಂದುಕೊಳ್ಳುತ್ತಾರೆ. ಇದು ಬೇರಿಗೆ ತಾಗಬೇಕು. ಪ್ರೋಟ್ರೇಯಲ್ಲಿ (ಸಸಿ ಎಬ್ಬಿಸುವ ಗುಳಿಗಳ ತಟ್ಟೆ) ತೆಂಗಿನ ನಾರಿನ ಪುಡಿಗೆ ಬೆರೆಸೋದು, ಇಲ್ಲವೇ ನೆಡುವ ಗುಂಡಿಯಲ್ಲಿ ಬೇರಿನ ಕೆಳಗೆ ಹಾಕೋದು ಸರಿ. ಜೊತೆಗೆ ರಂಜಕ ಇರುವ ಡಿಎಪಿ ರಸಗೊಬ್ಬರ ಸುರಿದರೆ ಗಿಡಕ್ಕೆ ರಂಜಕ ಪುಕ್ಕಟೆ ಸಿಕ್ಕಿ ಶಿಲೀಂಧ್ರವನ್ನು ಒಳಗೆ ಬಿಟ್ಟುಕೊಳ್ಳೋದೇ ಕಡಿಮೆಯಾಗುತ್ತೆ.

ಕೊನೆಗೆ, ವ್ಯಾಮ್ ಅನ್ನೋ "ಪರಕೀಯ" ಪದದ ಬಗ್ಗೆ ಶುರುವಾಗಿರುವ ಗಲಾಟೆ. ಮೆಣಸಿನಕಾಯಿ ಅಮೆರಿಕದಿಂದ ಬಂತು, ಮನೆಯಲ್ಲಿದ್ದ ಮೆಣಸಿನ ಹೆಸರನ್ನೇ ಅದಕ್ಕೆ ಕೊಟ್ಟರು. ಟೊಮೆಟೊ ಕೂಡ ಅಲ್ಲಿಂದಲೇ ಬಂತು, ತನ್ನ ಹೆಸರು ತಾನೇ ತಂದಿತು. ಗುಲಾಬಿ ಪಾರಸಿಯಿಂದ. ಕೋಲಾರ, ಚಿಕ್ಕಬಳ್ಳಾಪುರದ ಮಾರುಕಟ್ಟೆಯಲ್ಲಿ ಈ ಮೂರೂ ಕನ್ನಡವೇ. ಬೆಳೆಯುವವರು, ಮಾರುವವರು ಏನು ಕರೆಯುತ್ತಾರೋ ಅದು ನಿಲ್ಲುತ್ತೆ. ವ್ಯಾಮ್ ಇಂಗ್ಲಿಷಿನಲ್ಲಿ ಮೂರು ಪದಗಳ ಮೊದಲಕ್ಷರ: ವೆಸಿಕ್ಯುಲರ್ ಆರ್ಬಸ್ಕ್ಯುಲರ್ ಮೈಕೊರೈಜಾ. ಅಲ್ಲಿನ ವಿಜ್ಞಾನಿಗಳೇ ಅದನ್ನು ಈಗ ಬಹುಮಟ್ಟಿಗೆ ಬಿಟ್ಟಿದ್ದಾರೆ, ಯಾಕಂದರೆ ಮೊದಲ ಪದ ಹೇಳುವ ವೆಸಿಕಲ್ ಅನ್ನೋ ಚೀಲದಂಥ ರಚನೆ ಈ ಗುಂಪಿನ ಎಲ್ಲ ಶಿಲೀಂಧ್ರಗಳಲ್ಲೂ ಇರಲ್ಲ. ಆದರೂ ಇಲ್ಲಿ ಅದು ನಮ್ಮ ರೈತರ ಬಾಯಲ್ಲಿ ಉಳಿದಿದೆ. ವ್ಯಾಮು, ವ್ಯಾಮಿಗೆ, ವ್ಯಾಮಿನ ಅಂತ ವಿಭಕ್ತಿ ಹಚ್ಚಿಕೊಂಡು ನಡೆಯುತ್ತಿರುವ ಪದವನ್ನು ಹೊರಗೆ ಹಾಕಿ ಅನ್ನೋದಕ್ಕೆ ನನ್ನ ಒಪ್ಪಿಗೆ ಇಲ್ಲ. ಅದರ ಪಕ್ಕದಲ್ಲಿ ಅರ್ಥ ಹೇಳುವ ಕನ್ನಡ ಇರಬೇಕು, ಅಷ್ಟೇ.

ತುಮಕೂರಿನವರೇ, ನಿಮ್ಮ ಕರಡಿನಲ್ಲಿ "ಎಲ್ಲ ತರಕಾರಿಗಳಿಗೂ" ಅಂತ ಇದೆ, ಅದನ್ನು ತೆಗೆಯಿರಿ. ಎಲೆಕೋಸು, ಹೂಕೋಸು, ಮೂಲಂಗಿ, ಸಾಸಿವೆ, ಪಾಲಕ್, ಬೀಟ್‌ರೂಟ್ ಇವುಗಳ ಬೇರಿಗೆ ಇದು ಕೂಡಲ್ಲ. "ಟೊಮೆಟೊ, ಬದನೆ, ಮೆಣಸಿನಕಾಯಿ, ಹುರುಳಿಕಾಯಿ, ಚೆಂಡುಹೂ, ಮಾವಿನ ಸಸಿಗೆ" ಅಂತ ಹೆಸರು ಹೇಳಿಯೇ ಬರೆಸಿ.